ಬಿಸ್ಕತ್ತಿನ ಡಬ್ಬದ ನೆಂಟರು



ಹಳೆಯ ಫೋಟೋಗಳ ಬಗ್ಗೆ ಬಾನುಲಿಯಲ್ಲಿ ಮಾತಾಡಿ ಎಂದು ಕರೆದಾಗ ಮೊದಲು ನಗು ಬಂತು. ಈಗ ನನ್ನ ಮುಂದೆ ಮೇಜಿನ ಮೇಲೆ ಮೂವತ್ತೆಂಟು ಫೋಟೋಗಳಿವೆ. ನಿಮಗೆ ಒಂದೂ ಕಾಣುವುದಿಲ್ಲ. ಇದನ್ನೇ ನೆಪ ಮಾಡಿ ತಪ್ಪಿಸಿಕೊಳ್ಳೋಣ ಎಂದುಕೊಂಡಿದ್ದೆ. ಆಮೇಲೆ ನೆನಪಾಯಿತು, ಈ ಫೋಟೋಗಳನ್ನು ನಾನು ನೆಟ್ಟಗೆ ನೋಡಿದ್ದೇ ಕಣ್ಣು ಕಾಣದ ಒಬ್ಬರಿಗೆ ಅವನ್ನು ಬಾಯಲ್ಲಿ ವಿವರಿಸಬೇಕಾಗಿ ಬಂದಾಗ. ಹಾಗಿದ್ದರೆ ನಿಮಗೂ ಹೇಳಬಹುದಲ್ಲ ಎಂದು ಒಪ್ಪಿಕೊಂಡೆ.

ನಮ್ಮ ಮೂಲಮನೆ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಮೇಲೆ ಮನೆ, ಅಡಕೆ ತೋಟ, ತೋಟಕ್ಕಿಳಿಯುವ ಸಂಕ ಎಲ್ಲವೂ ನೀರಿನ ಪಾಲಾದವು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ, ಅದಕ್ಕೂ ಹಿಂದೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ನಮ್ಮ ಕಡೆಯವರು ಮಡೆನೂರು ಡ್ಯಾಮ್ ಎನ್ನುವುದು, ಕೆಸರಿನಿಂದ ಮೇಲೆದ್ದು ನಿಲ್ಲುತ್ತದೆ. ಜನ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಾರೆ. ನಮ್ಮ ಮನೆ ಮಾತ್ರ ಎಂದೂ ಮೇಲೆ ಬಂದಿಲ್ಲ. ಬರುವುದಕ್ಕೆ ಅಲ್ಲಿ ಉಳಿದಿದ್ದಾದರೂ ಏನು? ಲಾರಿ ಬಂದ ದಿನ ಹೆಂಚು, ತೊಲೆ, ಬಾಗಿಲುವಾಡ ಸಮೇತ ಬಿಚ್ಚಿ ಹೇರಿದ್ದರಂತೆ. ತವರನ್ನು ಕಡೆಯ ಸಲ ನೋಡಲು ಬಂದಿದ್ದ ನನ್ನ ಸೋದರತ್ತೆ ಅಟ್ಟದ ಮೇಲಿಂದ ಒಂದು ತಗಡಿನ ಬಿಸ್ಕತ್ತಿನ ಡಬ್ಬ ಇಳಿಸಿ, ಲಾರಿಗೆ ಕೊಡದೆ ಮಡಿಲಲ್ಲಿ ಇಟ್ಟುಕೊಂಡು ಬಂದರು. ಈ ಮೂವತ್ತೆಂಟು ಫೋಟೋ ಇದ್ದದ್ದು ಅದರಲ್ಲಿ.

ಗೋಡೆಗೆ ತೂಗುಹಾಕಿದ್ದವು ಬೇರೆ. ಅವುಗಳ ಕತೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾವೆಲ್ಲ ವಂಶವನ್ನು ಕಲಿಯುವುದು ಜಗಲಿಯ ಗೋಡೆಯಿಂದ. ನಿಮ್ಮ ಮನೆಯಲ್ಲೂ ಇದ್ದಿರಬಹುದು: ಮಾಡಿನಡಿ ಸಾಲಾಗಿ, ನಮ್ಮನ್ನು ಬಗ್ಗಿ ನೋಡುವ ಹಾಗೆ ಮುಂದಕ್ಕೆ ವಾಲಿದ ಚೌಕಟ್ಟುಗಳು. ರವಿವರ್ಮನ ಛಾಪಖಾನೆಯ ಲಕ್ಷ್ಮಿ, ಸರಸ್ವತಿ, ಪಕ್ಕದಲ್ಲಿ ಗಾಂಧಿ, ನಾಲ್ವಡಿ ಕೃಷ್ಣರಾಜ ಒಡೆಯರು, ಆಮೇಲೆ ನಮ್ಮವರು. ನಮ್ಮವರ ಸಾಲಿನಲ್ಲಿ ಮುತ್ತಜ್ಜನ ದೊಡ್ಡ ಪಟ ಒಂದಿತ್ತು. ಬರಿಮೈ, ಕಿವಿಯಲ್ಲಿ ಒಂಟಿ, ಕಚ್ಚೆಪಂಚೆ. ಜನಿವಾರ ಬಲಹೆಗಲ ಮೇಲೆ! ಜನಿವಾರ ಹಾಗೆ ಬಲಕ್ಕೆ ಬರುವುದು ಪಿತೃಕಾರ್ಯದಲ್ಲಿ ಅಪಸವ್ಯ ಮಾಡಿಕೊಂಡಾಗ ಮಾತ್ರ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಪುರಾಣವೇ ಹುಟ್ಟಿಕೊಂಡಿತ್ತು. ಮುತ್ತಜ್ಜ ಅಪ್ಪನ ಶ್ರಾದ್ಧ ಮಾಡುತ್ತಿದ್ದಾಗ ಫೋಟೋದವನು ಬಂದ, ಎಡಕ್ಕೆ ಹಾಕಿಕೊಳ್ಳಲೂ ಪುರಸೊತ್ತು ಕೊಡಲಿಲ್ಲ, ಅದಕ್ಕೇ ಆ ವರ್ಷ ತೋಟಕ್ಕೆ ಕೊಳೆರೋಗ ಬಂತು, ಹೀಗೆ. ದೊಡ್ಡಪ್ಪ ಇದನ್ನು ಊಟದ ಪಂಕ್ತಿಯಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಡಬ್ಬದಲ್ಲಿ ಅದೇ ಪಟದ ಮೂಲ ಸಿಕ್ಕಿತು, ಅಂಗೈಯಷ್ಟು ದೊಡ್ಡದು. ಅದರಲ್ಲಿ ಜನಿವಾರ ಇರಬೇಕಾದಲ್ಲಿ, ಎಡಹೆಗಲ ಮೇಲೇ ಇದೆ. ಮುಂದೆಂದೋ ದೊಡ್ಡದು ಮಾಡಿಸಲು ಕೊಟ್ಟಾಗ ಸ್ಟುಡಿಯೋದವರು ನೆಗೆಟಿವ್ ತಿರುವು ಹಾಕಿ ಅಚ್ಚು ತೆಗೆದಿದ್ದಾರೆ, ಅಷ್ಟೆ. ಶ್ರಾದ್ಧವೂ ಇಲ್ಲ, ಶಾಪವೂ ಇಲ್ಲ. ದೊಡ್ಡಪ್ಪನಿಗೆ ತೋರಿಸಿದೆ. ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿ, "ಕೊಳೆರೋಗ ಬಂದದ್ದಂತೂ ಹೌದು" ಎಂದರು.

ಹಳೆಯ ಫೋಟೋ ಸಿಕ್ಕಿದರೆ ಮೊದಲು ಬೆನ್ನು ನೋಡಬೇಕು. ನಾವು ಮುಖಕ್ಕೆ ಮುಗಿಬಿದ್ದು ಮೂಗು ಯಾರ ಹಾಗಿದೆ ಎಂದು ಜಗಳ ಆರಂಭಿಸುತ್ತೇವೆ. ಬೆನ್ನಿನಲ್ಲಿ ಸ್ಟುಡಿಯೋದ ಮುದ್ರೆ ಇರುತ್ತದೆ, ಕೆಲವೊಮ್ಮೆ ನೆಗೆಟಿವ್ ನಂಬರು ಇರುತ್ತದೆ, ಯಾರೋ ಪೆನ್ಸಿಲಿನಲ್ಲಿ ಬರೆದ ಸಂವತ್ಸರದ ಹೆಸರು ಇರುತ್ತದೆ. ಕಾಗದವೂ ಮಾತಾಡುತ್ತದೆ. ನಮ್ಮ ಡಬ್ಬದ ಅತಿ ಹಳೆಯ ಫೋಟೋ, ಭೂಮಿ ವ್ಯಾಜ್ಯಕ್ಕೆಂದು ಬೆಂಗಳೂರಿಗೆ ಹೋಗಿದ್ದ ಹಿರಿಯರೊಬ್ಬರದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ. ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಬೆಳ್ಳಗಿರಬೇಕಾದ ಪಂಚೆ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ. ಸ್ಟುಡಿಯೋದ ಹೆಸರನ್ನು ಒರಲೆ ತಿಂದುಹಾಕಿದೆ. ಆದರೂ ಇದು ಎಂಥ ಕಾಗದ ಎನ್ನುವುದು ಗೊತ್ತಾಗುತ್ತದೆ. 1850ರ ಹೊತ್ತಿಗೆ ಬಳಕೆಗೆ ಬಂದು ಆ ಶತಮಾನದ ಕೊನೆಯವರೆಗೂ ನಡೆದದ್ದು ಆಲ್ಬುಮೆನ್ ಕಾಗದ. ಬೆಳ್ಳಿಯ ಲವಣ ಕಾಗದಕ್ಕೆ ಹತ್ತಿಕೊಳ್ಳಲಿ ಎಂದು ಅದಕ್ಕೆ ಕೋಳಿಮೊಟ್ಟೆಯ ಬಿಳಿಲೋಳೆ ಸವರುತ್ತಿದ್ದರು. ಆ ಲೋಳೆಯೇ ವಯಸ್ಸಾಗಿ ಹೀಗೆ ಹಳದಿಯಾಗುವುದು. ಮುಂದೆ ಮೊಟ್ಟೆಯ ಜಾಗಕ್ಕೆ ಜೆಲಾಟಿನ್ ಬಂತು, ಅಂದರೆ ದನದ ಮೂಳೆ, ತೊಗಲು ಬೇಯಿಸಿ ತೆಗೆಯುವ ಸರೇಸಿನ ಜಾತಿಯದು. ಮಡಿಮೈಲಿಗೆಯಲ್ಲಿ ಕೂದಲು ಸೀಳುತ್ತಿದ್ದ ನಮ್ಮ ಮನೆಯವರು ಇದನ್ನೆಲ್ಲ ದೇವರ ಕೋಣೆಯ ಬಾಗಿಲ ಮೇಲೆ ತೂಗುಹಾಕಿ, ಹಬ್ಬಕ್ಕೆ ಗಂಧ ಹಚ್ಚಿ ಕೈಮುಗಿಯುತ್ತಿದ್ದರು. ಅತ್ತೆಗೆ ಇದನ್ನು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಬಾನುಲಿ ಕೇಳುವ ಅಭ್ಯಾಸ ಅವರಿಗಿದೆ, ನೋಡೋಣ.

ನಮ್ಮ ನಾಡಿನಲ್ಲಿ ಕ್ಯಾಮೆರಾ ಮೊದಲು ಕಂಡದ್ದು ಮನುಷ್ಯರ ಮುಖವನ್ನಲ್ಲ, ಕಲ್ಲನ್ನು. ಫೋಟೋಗ್ರಫಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿದದ್ದು 1839ರಲ್ಲಿ. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಮುಂದೆ ಕ್ಯಾಮೆರಾ ನಿಲ್ಲಿಸಿದ್ದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಕಲ್ಲಾದರೆ ಅಲ್ಲಾಡುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಂತಿರುತ್ತದೆ. ಹಂಪಿಯ ರಥದ ಫೋಟೋ ಇದ್ದ ಕಾಲದಲ್ಲಿ ನಮ್ಮ ಯಾರ ಮನೆಯ ಹೆಂಗಸಿನ ಫೋಟೋವೂ ಇರಲಿಲ್ಲ. ಅದು ಮನೆಗೆ ಬರಲು ಇನ್ನೂ ಎರಡು ಮೂರು ತಲೆಮಾರು ಹಿಡಿಯಿತು. ಬಂದಮೇಲೂ ಅನುಮಾನ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿ, ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದವರ ಕತೆ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಒಂದಿದೆ.

ಇನ್ನೊಂದು ಮೋಸದ ಬಗ್ಗೆ ಹೇಳಬೇಕು. ನನ್ನ ಮುತ್ತಜ್ಜಿಯ ಹಣೆಯಲ್ಲಿ ಕಾಸಿನಗಲದ ಕಪ್ಪು ಬೊಟ್ಟಿದೆ. ಉಟ್ಟದ್ದೂ ಕಪ್ಪು ಸೀರೆ. ಶುಭಕಾರ್ಯಕ್ಕೆ ತೆಗೆಸಿದ ಫೋಟೋದಲ್ಲಿ ಮುತ್ತೈದೆ ಹೀಗೇಕೆ ಕಪ್ಪು ಸುತ್ತಿಕೊಂಡಿದ್ದಾಳೆ ಎಂದು ತುಂಬ ದಿನ ತಲೆ ಕೆಡಿಸಿಕೊಂಡಿದ್ದೆ. ಆಗಿನ ಗಾಜಿನ ತಟ್ಟೆಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಕೆಂಪು ತಾಕುತ್ತಲೇ ಇರಲಿಲ್ಲ. ತಾಕದ ಕಡೆ ಅಚ್ಚಿನಲ್ಲಿ ಕಪ್ಪು. ಅಂದರೆ ಹಣೆಯಲ್ಲಿದ್ದದ್ದು ಅಚ್ಚ ಕುಂಕುಮ, ಮೈಮೇಲಿದ್ದದ್ದು ಕೆಂಪು ಧಾರೆ ಸೀರೆಯೇ ಇರಬೇಕು. ಅವಳ ಹಿಂದಿನ ಆಕಾಶ ಹಾಲಿನಂತೆ ಬೆಳ್ಳಗಿದೆ, ಅದು ನೀಲಿ. ಇದು ಗೊತ್ತಾದ ದಿನ ಆ ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಮುತ್ತಜ್ಜಿ ಮನಸ್ಸಿನಲ್ಲಿ ಬಣ್ಣ ತುಂಬಿಕೊಂಡು ಕೂತಳು.

ಇನ್ನು ಮೊಗ್ಗಿನ ಜಡೆ. ನನ್ನ ಪಾಲಿಗೆ ಈ ಡಬ್ಬದ ರತ್ನ ಅದೇ. ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಪೋಣಿಸಿ, ನಡುನಡುವೆ ಕನಕಾಂಬರ ಇಟ್ಟು, ನೆತ್ತಿಯಿಂದ ಸೊಂಟದವರೆಗೆ ಜಡೆಯ ಮೇಲೆ ಹೊಲಿಯುತ್ತಿದ್ದರು. ಅರ್ಧ ದಿನದ ಕೆಲಸ. ಅಷ್ಟು ಕಷ್ಟಪಟ್ಟು ಹಾಕಿದ ಜಡೆ ಇರುವುದು ಬೆನ್ನಿಗೆ, ಫೋಟೋ ತೆಗೆಯುವುದು ಮುಂದಿನಿಂದ. ಇದಕ್ಕೆ ನಮ್ಮ ಸ್ಟುಡಿಯೋಗಳು ಕಂಡುಕೊಂಡ ಉಪಾಯ ನಿಮಗೆ ಗೊತ್ತೇ ಇದೆ: ಹುಡುಗಿಯ ಹಿಂದೆ ನಿಲುಗನ್ನಡಿ. ಎದುರಿಗೆ ಮುಖ, ಕನ್ನಡಿಯಲ್ಲಿ ಜಡೆ. ಈ ಫೋಟೋದಲ್ಲಿರುವುದು ನನ್ನ ಅಜ್ಜಿ. ಡಾಬು ಅವಳ ಸೊಂಟಕ್ಕೆ ದೊಡ್ಡದಾಗಿ ಜಾರಿದೆ. ಅದು ಯಾರದೋ ಎರವಲು. ಕುತ್ತಿಗೆಯಲ್ಲಿ ಕಟ್ಟಾಣಿ, ಅದರ ಕೆಳಗೆ ಮಾಂಗಲ್ಯ. ವಯಸ್ಸು ಹೆಚ್ಚೆಂದರೆ ಹನ್ನೊಂದು.

ಇಲ್ಲಿ ಒಂದು ಕ್ಷಣ ನಿಲ್ಲಬೇಕಾಯಿತು. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯಲು ಕಾನೂನು ಮಾಡಿತು ಎಂದು ನಾವು ಹೆಮ್ಮೆಪಡುತ್ತೇವೆ. ಆ ಕಾನೂನು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. 1929ರ ಶಾರದಾ ಕಾಯ್ದೆ ಹುಡುಗಿಗೆ ಹದಿನಾಲ್ಕು ಎಂದಿತು, ಆದರೆ ಅದು ಬ್ರಿಟಿಷ್ ಸೀಮೆಗೆ. ಹಾಗಾಗಿ ನನ್ನ ಅಜ್ಜಿಯ ಮದುವೆ ಆ ಕಾಲದ ಲೆಕ್ಕದಲ್ಲಿ ಪೂರ್ತಿ ಕಾನೂನುಬದ್ಧ. ಅವಳ ಮುಖದಲ್ಲಿ ದುಃಖವಿದೆ ಎಂದು ಹೇಳಿದರೆ ನಾನು ಕತೆ ಕಟ್ಟಿದಂತಾದೀತು. ಇರುವುದು ಬೇಜಾರು. ಭಾರದ ಜಡೆ ಹೊತ್ತು, ಅಲ್ಲಾಡಬೇಡ ಎಂದು ಬೈಸಿಕೊಂಡ ಮಗುವಿನ ಬೇಜಾರು. ಕನ್ನಡಿಯ ಮೂಲೆಯಲ್ಲಿ ಇನ್ನೊಂದು ಕಾಣುತ್ತದೆ: ಮೂರು ಕಾಲಿನ ಕಟ್ಟಿಗೆಯ ಗೂಟ, ಮೇಲೆ ಕರಿ ಬಟ್ಟೆ, ಪಕ್ಕದಲ್ಲಿ ನಿಂತ ಮನುಷ್ಯನ ಸೊಂಟದ ಕೆಳಗಿನ ಭಾಗ. ಪಾಪ, ತನ್ನನ್ನೇ ತಾನು ಹಿಡಿದುಕೊಂಡದ್ದು ಅವನಿಗೆ ತಿಳಿದಿರಲಿಕ್ಕಿಲ್ಲ.

ಫೋಟೋದಲ್ಲಿ ಯಾರಿಲ್ಲ ಎಂದೂ ಹುಡುಕಬೇಕು. ನಮ್ಮ ಮನೆಯಲ್ಲಿ ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು, ಇಡೀ ಮನೆಯ ಅಡುಗೆ ನಡೆಸಿದ ಒಬ್ಬ ದೊಡ್ಡಜ್ಜಿ ಇದ್ದರು. ಮೂವತ್ತೆಂಟರಲ್ಲಿ ಒಂದರಲ್ಲೂ ಅವರಿಲ್ಲ. ಶುಭಕ್ಕೆ ಅವರು ಎದುರು ಬರುವಂತಿರಲಿಲ್ಲ, ಫೋಟೋ ತೆಗೆಯುತ್ತಿದ್ದದ್ದು ಶುಭಕ್ಕೇ. ತೋಟದ ಕೆಲಸದವರೂ ಇಲ್ಲ. ಒಂದು ಮದುವೆ ಫೋಟೋದ ಅಂಚಿನಲ್ಲಿ ದೀಪ ಹಿಡಿದ ಒಂದು ಕೈ ಇದೆ, ಮೊಣಕೈಯವರೆಗೆ. ಇನ್ನು ಫೋಟೋವೇ ಇಲ್ಲದ ಮನೆಗಳ ಮಾತು. ನಾಡಿನ ಬಹುಪಾಲು ಮನೆಗಳು ಅವೇ ಎಂದು ನನ್ನ ಅಂದಾಜು. ಚುನಾವಣೆಯ ಗುರುತಿನ ಚೀಟಿ 1993ರಲ್ಲಿ ಬಂದಮೇಲೆ, ಎಷ್ಟೋ ಹಳ್ಳಿಯ ಮುದುಕಿಯರು ಜೀವಮಾನದಲ್ಲಿ ಮೊದಲ ಸಲ ಕ್ಯಾಮೆರಾ ಮುಂದೆ ಕೂತರು. ಅವರು ತೀರಿಕೊಂಡಾಗ ಮಕ್ಕಳು ಆ ಚೀಟಿಯ ಉಗುರಗಲದ ಮುಖವನ್ನೇ ದೊಡ್ಡದು ಮಾಡಿಸಿ, ಹಿಂದೆ ಗುಲಾಬಿ ತೋಟ ಸೇರಿಸಿ, ಗೋಡೆಗೆ ಹಾಕಿದರು. ಅಂಥ ಪಟಗಳನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ.

ಉತ್ತರ ಕರ್ನಾಟಕದ ಮನೆಗಳಿಗೆ ಹೆಳವರು ಬರುತ್ತಾರಲ್ಲ, ಎತ್ತಿನ ಜೊತೆ, ಹಳೆಯ ಕಡತದ ಗಂಟಿನ ಜೊತೆ? ಅಂಗಳದಲ್ಲಿ ಕೂತು, ನಿಮ್ಮ ಮನೆತನ ಯಾವ ಊರಿನಿಂದ ಯಾವ ಊರಿಗೆ ಬಂತು, ಯಾರ ಮಗ ಯಾರು ಎಂದು ಓದಿ ಹೇಳಿ ಕಾಳು ಪಡೆದು ಹೋಗುತ್ತಾರೆ. ಅವರ ಗಂಟಿನಲ್ಲಿ ಹೆಸರುಗಳಿವೆ, ಮುಖವಿಲ್ಲ. ನನ್ನ ಡಬ್ಬದಲ್ಲಿ ಮುಖಗಳಿವೆ, ಹೆಸರಿಲ್ಲ. ನಮ್ಮಲ್ಲಿ ಶ್ರಾದ್ಧದ ದಿನ ಅಪ್ಪ, ಅಜ್ಜ, ಮುತ್ತಜ್ಜ, ಹಾಗೆಯೇ ಅಮ್ಮ, ಅಜ್ಜಿ, ಮುತ್ತಜ್ಜಿ ಎಂದು ಮೂರು ತಲೆಯ ಹೆಸರು ಹೇಳಿ ಪಿಂಡ ಇಡುತ್ತೇವೆ. ನಾಲ್ಕನೆಯ ತಲೆ ತಾನಾಗಿ ಮರೆವಿಗೆ ಜಾರುತ್ತದೆ. ಮಕ್ಕಳಾಗದೆ ಹೋದವರು, ಮಕ್ಕಳಾಗಿಯೇ ಹೋದವರು ಆ ಪಟ್ಟಿಗೂ ಬರುವುದಿಲ್ಲ.

ನಾನು ಮಾಡಿಟ್ಟುಕೊಂಡ ವಂಶವೃಕ್ಷ ಹೀಗೆ ಅಲ್ಲಿಂದ ಇಲ್ಲಿಂದ ಸೇರಿಸಿದ್ದು: ಶ್ರಾದ್ಧದ ಹೆಸರು, ಹಳೆಯ ಪಹಣಿ, ಜಾತಕಗಳು. ಅದನ್ನೂ ಡಬ್ಬವನ್ನೂ ಹಿಡಿದುಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆಗೆ ತೊಂಬತ್ತು ದಾಟಿದೆ. ಕಿವಿ ಚುರುಕು, ಬಾಯಿ ಇನ್ನೂ ಚುರುಕು, ಕಣ್ಣು ಮಾತ್ರ ಹೋಗಿ ಐದಾರು ವರ್ಷವಾಯಿತು. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೆ. ನಾನು ಹೋಗುವುದು ತಡವಾಯಿತು ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡಿದ್ದೆ.

"ತಂದೆಯಾ ಡಬ್ಬ? ಮುಚ್ಚಳ ತೆಗಿ" ಎಂದರು. ತೆಗೆದೆ. ಮೂಗು ಹತ್ತಿರ ತಂದು ವಾಸನೆ ತೆಗೆದುಕೊಂಡರು. "ಅಂಗಳದಲ್ಲಿ ತೆಗೆದ ಫೋಟೋ ಒಂದಿತ್ತಲ್ಲ, ಎಲ್ಲರೂ ಇದ್ದದ್ದು. ಅದನ್ನು ಹೇಳು."

ಅದು ನನ್ನ ಕೈಗೆ ನೂರು ಸಲ ಬಂದುಹೋದ ಫೋಟೋ. ಮೂವರು ಹೆಂಗಸರು, ಇಬ್ಬರು ಗಂಡಸರು, ಆರು ಮಕ್ಕಳು. ಒಬ್ಬಳ ಮಡಿಲಲ್ಲಿ ಕೂಸು. ಹಿಂದೆ ಜಗಲಿಯ ಗೋಡೆಯಲ್ಲಿ ನಾಲ್ವಡಿಯವರ ಪಟ, ಪಟಕ್ಕೆ ಹಾರ. ಆ ಹಾರದಿಂದಲೇ ನಾನು ಕಾಲ ನಿರ್ಣಯ ಮಾಡಿದ್ದೆ. ದೊರೆ ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಹಾರ ಹಾಕಿದ್ದಾರೆ ಎಂದಮೇಲೆ ಫೋಟೋ ಅದರ ನಂತರದ್ದು. ಬುದ್ಧಿವಂತಿಕೆಯಿಂದ ಇದನ್ನು ಅತ್ತೆಗೆ ವಿವರಿಸಿದೆ.

"ಯಾರು ಹೇಳಿದ್ದು ನಿನಗೆ? ದಸರೆಗೆ ಪ್ರತಿ ವರ್ಷ ಹಾಕ್ತಿದ್ರು. ಬದುಕಿದ್ದ ದೊರೆಗೇ ಹಾಕಿದ್ದು. ಮಡಿಲಲ್ಲಿ ಇರೋದು ನಿನ್ನ ಅಪ್ಪ, ಕೂರೋ ಹಾಗೆ ಆಗಿದಾನಾ ಇಲ್ಲ ಮಲಗಿದಾನಾ?"

ಕೂತಿದ್ದ. ಅಪ್ಪನ ಜಾತಕದಲ್ಲಿ ಬಹುಧಾನ್ಯ ಸಂವತ್ಸರದ ಮಾಘ ಎಂದಿದೆ, ಅಂದರೆ 1939ರ ಆರಂಭ. ಎಂಟು ತಿಂಗಳ ಕೂಸು. ಹಾಗಾದರೆ ಇದು 1939ರ ದಸರೆ. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಆಮೇಲೆ ಅತ್ತೆ ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಎಡದ ಹೆಂಗಸಿನ ಮೂಗುಬಟ್ಟು ಯಾವ ಕಡೆ? ನಡುವಿನವಳು ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಾಳಾ? ಭೂತಗನ್ನಡಿ ಹಿಡಿದೆ. ಆ ಕಾಲದ ಫೋಟೋಗಳ ದೊಡ್ಡ ಗುಣ ಅದು: ಗಾಜಿನ ತಟ್ಟೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಅಚ್ಚು, ತಟ್ಟೆಯನ್ನು ಕಾಗದದ ಮೇಲಿಟ್ಟು ತೆಗೆದದ್ದು. ಭೂತಗನ್ನಡಿಯಡಿ ಬಳೆ ಎಣಿಸಬಹುದು. ಹೌದು, ಮುಚ್ಚಿಕೊಂಡಿದ್ದಾಳೆ. "ಹಾಗಾದ್ರೆ ಅದು ಚಿಕ್ಕಮ್ಮ. ಅಡಕೆ ಸುಲಿಯುವಾಗ ಮೆಟ್ಟುಗತ್ತಿಗೆ ಕಿರುಬೆರಳು ಹೋಗಿತ್ತು. ಯಾರಿಗೂ ತೋರಿಸ್ತಿರಲಿಲ್ಲ." ಮಕ್ಕಳು ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರ ಕಣ್ಣೂ ಒಂಚೂರು ಪಕ್ಕಕ್ಕಿದೆ ಎಂದೆ. "ಅಪ್ಪಯ್ಯ ಅಲ್ಲಿ ಕೋಲು ಹಿಡಿದು ನಿಂತಿದ್ದ ಮಾರಾಯ. ಅವನು ಫೋಟೋಕ್ಕೆ ಬರಲೇ ಇಲ್ಲ. ನಾವು ಅಲ್ಲಾಡದ ಹಾಗೆ ಕಾಯ್ತಿದ್ದ." ಅಜ್ಜನ ಒಂದು ಫೋಟೋವೂ ಇಲ್ಲ ಎಂದು ನಾನು ಕೊರಗಿದ್ದೆ. ಅಷ್ಟೂ ಮಕ್ಕಳ ಕಣ್ಣಿನ ತುದಿಯಲ್ಲಿ ಅವನು ನಿಂತಿದ್ದಾನೆ.

ಮಕ್ಕಳ ಹೊಟ್ಟೆಯ ಬಗ್ಗೆಯೂ ಕೇಳಿದರು. ಇಬ್ಬರು ಹುಡುಗರ ಹೊಟ್ಟೆ ಮುಂದೆ ಬಂದಿದೆ ಎಂದೆ, ಚೆನ್ನಾಗಿ ಉಂಡವರು ಎಂದು ನಾನು ತಿಳಿದಿದ್ದೆ. ಅತ್ತೆ ತಲೆಯಾಡಿಸಿದರು. ಅದು ಜ್ವರಗಡ್ಡೆ. ಮಲೆನಾಡಿನ ಚಳಿಜ್ವರ ಮತ್ತೆ ಮತ್ತೆ ಬಂದು ಗುಲ್ಮ ಊದಿದ ಮಕ್ಕಳು. ಡಿಡಿಟಿ ಹೊಡೆಯುವವರು ಬರಲು, 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಲು ಇನ್ನೂ ಎಷ್ಟೋ ಮಳೆಗಾಲ ಇತ್ತು.

ಹೇಳಿದ್ದನ್ನೆಲ್ಲ ಫೋಟೋದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯುತ್ತಿದ್ದೆ. ನೀವೂ ಬರೆಯುವುದಾದರೆ ಪೆನ್ಸಿಲೇ ಹಿಡಿಯಿರಿ. ಬಾಲ್‌ಪೆನ್ನಿನ ಮಸಿ ವರ್ಷಾನಂತರ ಮುಖದ ಕಡೆಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಗಾಜಿಗೆ ಅಂಟಿಕೊಂಡದ್ದನ್ನು ಕೀಳಬೇಡಿ, ಗಾಜಿನ ಸಮೇತ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಸಾಕು.

ಐದು ಮಕ್ಕಳ ಹೆಸರು ಬರೆದಾಗಿತ್ತು. ಸಾಲಿನ ಬಲತುದಿಯಲ್ಲಿ, ಐದು ವರ್ಷದ ಅತ್ತೆಯ ಕೈ ಹಿಡಿದು ಇನ್ನೊಂದು ಚಿಕ್ಕ ಹುಡುಗಿ. ಫೋಟೋದವನು ಮುಚ್ಚಳ ತೆಗೆದು ಒಂದು ಎರಡು ಮೂರು ಎಣಿಸುವಷ್ಟರಲ್ಲಿ ತಲೆ ತಿರುಗಿಸಿಬಿಟ್ಟಿದ್ದಾಳೆ. ಲಂಗ ಸ್ಪಷ್ಟ, ಕಾಲುಗೆಜ್ಜೆ ಸ್ಪಷ್ಟ, ಕುತ್ತಿಗೆಯಿಂದ ಮೇಲೆ ಬರೀ ಹೊಗೆ. ನನ್ನ ವಂಶವೃಕ್ಷದಲ್ಲಿ ಅವಳಿಗೆ ಜಾಗವಿರಲಿಲ್ಲ. ನೆರೆಮನೆಯ ಮಗು ನುಸುಳಿಕೊಂಡಿದೆ ಎಂದು ನಾನು ಎಂದೋ ತೀರ್ಮಾನಿಸಿದ್ದೆ.

"ನಿಮ್ಮ ಪಕ್ಕ ಯಾರೋ ಒಂದು ಮಗು ಇದೆ ಅತ್ತೆ" ಎಂದೆ.

ಅತ್ತೆ ಸುಮ್ಮನಾದರು. ಕೈ ಚಾಚಿದರು, ಫೋಟೋ ಕೊಟ್ಟೆ. ಹೆಬ್ಬೆರಳಿನಿಂದ ಬಲತುದಿಯನ್ನು ಸವರಿದರು.

"ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮುಂದಿನ ಮಳೆಗಾಲ ಕಾಣಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮುಖ ಕಾಣ್ತದಾ ಅಪ್ಪೀ?"

"ಇಲ್ಲ ಅತ್ತೆ. ಅಲ್ಲಾಡಿಬಿಟ್ಟಿದೆ."

"ಹಾಗಾದ್ರೆ ಅವಳೇ" ಎಂದರು.